ಬಾಳೆ ಬೀಜ ತಂದವರಿಗೆ ನಾನು ಮೊದಲು ಕೇಳುವ ಪ್ರಶ್ನೆ

ನರ್ಸರಿಯಲ್ಲಿ ಬೀಜ ಹಾಕಿ ಸಸಿ ಮಾಡುವ ಕೆಲಸ ನನ್ನದು. ಆನ್‌ಲೈನ್‌ನಲ್ಲಿ ಬಾಳೆ ಬೀಜ ತರಿಸಿಕೊಂಡು, "ಇದನ್ನ ಹೇಗೆ ಹಾಕೋದು?" ಎಂದು ಕೇಳುವವರು ಈಗ ಜಾಸ್ತಿ. ನಾನು ತಿರುಗಿ ಕೇಳುತ್ತೇನೆ: ನಿಮಗೆ ಬೇಕಾಗಿರುವುದು ಹಣ್ಣೋ, ಗಿಡವೋ?

ಹಣ್ಣು ಎಂದರೆ ಆ ಪೊಟ್ಟಣದಿಂದ ಉಪಯೋಗವಿಲ್ಲ. ನಾವು ತಿನ್ನುವ ಬಾಳೆಯಲ್ಲಿ ಬೀಜವೇ ಇರುವುದಿಲ್ಲ, ಅಲ್ವಾ? ಕಾಡುಬಾಳೆಗೆ ಸಾಮಾನ್ಯವಾಗಿ 22 ಕ್ರೋಮೋಸೋಮ್, ಕ್ಯಾವೆಂಡಿಶ್‌ನಂಥ ತಳಿಗೆ 33. ಎರಡು ಸೆಟ್ ಇರಬೇಕಾದಲ್ಲಿ ಮೂರು ಸೆಟ್. ಅದನ್ನು ಸಮನಾಗಿ ಹಂಚಲಾಗದೆ ಬೀಜ ಕಟ್ಟುವುದಿಲ್ಲ. ಹಣ್ಣಿನ ನಡುವಿನ ಕಪ್ಪು ಚುಕ್ಕೆಗಳು ಬೀಜವಾಗದೆ ಉಳಿದ ಅಂಡಕಗಳು. ಹೀಗಾಗಿ ಈ ತಳಿಗಳನ್ನು ಕಂದು (ಬುಡದಲ್ಲಿ ಒಡೆಯುವ ಮರಿಗಿಡ), ಗಡ್ಡೆ ಅಥವಾ ಟಿಶ್ಯೂ ಕಲ್ಚರ್‌ನಿಂದಲೇ (ಲ್ಯಾಬಿನಲ್ಲಿ ಗಿಡದ ಚೂರಿನಿಂದ ಸಸಿ ಮಾಡುವುದು) ಬೆಳೆಸುತ್ತಾರೆ. ಪಟದಲ್ಲಿ ತೋರಿಸುವ ಕಡುನೀಲಿ ಬಾಳೆಯನ್ನಂತೂ ನಂಬಲೇಬೇಡಿ. ಬ್ಲೂ ಜಾವಾ ಎಂಬ ತಳಿ ನಿಜಕ್ಕೂ ಇದೆ. ಆದರೆ ಕಾಯಿಯ ಸಿಪ್ಪೆಗೆ ಬೂದಿ ಮಿಶ್ರಿತ ನೀಲಿ ಛಾಯೆ ಇರುತ್ತದೆ, ಅಷ್ಟೇ. ಅದೂ ಬೀಜದಿಂದ ಬರುವುದಲ್ಲ.

ಗಿಡವೇ ಸಾಕು ಎನ್ನುವವರ ಜೊತೆ ಮಾತಾಡೋದು ಖುಷಿ. ಮ್ಯೂಸಾ ವೆಲುಟಿನಾ ಎಂಬ ಕಾಡುಬಾಳೆ ಕುಳ್ಳಗಿನ ಗಿಡ, ಕುಂಡಕ್ಕೂ ಆಗುತ್ತದೆ. ಗುಲಾಬಿ ಬಣ್ಣದ ಹಣ್ಣು ಮಾಗಿದಾಗ ತಾನೇ ಸಿಪ್ಪೆ ಬಿಚ್ಚಿಕೊಳ್ಳುತ್ತದೆ. ಒಳಗೆ ಬರೀ ಬೀಜ. ಬಾಳೆಯ ಹತ್ತಿರದ ಸಂಬಂಧಿಯಾದ ಎನ್ಸೆಟೆ ಜಾತಿಯದ್ದಾದರೆ ಸಾಮಾನ್ಯವಾಗಿ ಕಂದು ಹಾಕುವುದಿಲ್ಲ, ಒಮ್ಮೆ ಹೂ ಬಿಟ್ಟು ಸಾಯುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಬಾಳೆ ಬೀಜ ಕಪ್ಪಗೆ, ಕಲ್ಲಿನಷ್ಟು ಗಟ್ಟಿ. ಒಂದನ್ನು ಒಡೆದು ನೋಡಿ. ಒಳಗೆ ಬಿಳಿ ಹಿಟ್ಟಿನಂಥದ್ದು ತುಂಬಿದ್ದರೆ ಆಸೆ ಇಟ್ಟುಕೊಳ್ಳಬಹುದು. ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಬಿಡಿ. ಒಳ್ಳೆಯ ಬೀಜವನ್ನು ಒಂದೆರಡು ದಿನ ಉಗುರುಬೆಚ್ಚನೆಯ ನೀರಲ್ಲಿ ನೆನೆಸಿ, ದಿನಾ ನೀರು ಬದಲಿಸಿ. ಆಮೇಲೆ ಕೋಕೋಪೀಟ್ ಮತ್ತು ಮರಳು ಬೆರೆಸಿ, ಸುಮಾರು 1 ಸೆಂ.ಮೀ. ಆಳಕ್ಕೆ ಊರಿ. ತೇವ ಇರಲಿ, ನೀರು ನಿಲ್ಲದಿರಲಿ.

ಎಲ್ಲರೂ ಎಡವುವುದು ಬಿಸಿಯ ವಿಷಯದಲ್ಲಿ. ಬಿಸಿ ಬೇಕು ಎಂದು ಓದಿ ಹೀಟ್ ಮ್ಯಾಟ್ ಮೇಲೆ ಟ್ರೇ ಇಟ್ಟು, ಹಗಲೂ ರಾತ್ರಿ ಹಾಗೇ ಬಿಡುತ್ತಾರೆ. ಅನೇಕ ಕಾಡುಬಾಳೆಗಳ ಬೀಜಕ್ಕೆ ಬೇಕಾದ್ದು ಏರಿಳಿತ: ಹಗಲು 30–35 ಡಿಗ್ರಿ ಸೆಲ್ಸಿಯಸ್, ರಾತ್ರಿ 20ರ ಆಸುಪಾಸು. ಕಾಡಿನಲ್ಲಿ ಮರ ಬಿದ್ದು ಬಿಸಿಲು ನೆಲಕ್ಕೆ ತಾಗಿದ ಜಾಗದಲ್ಲಿ ಆಗುವುದೂ ಇದೇ. ಒಂದೇ ಸಮನೆ ಬಿಸಿ ಕೊಟ್ಟರೆ ಎಷ್ಟೋ ಬೀಜ ಸುಮ್ನೆ ಕೂತಿರುತ್ತವೆ. ಮ್ಯಾಟ್‌ಗೆ ಟೈಮರ್ ಹಾಕಿ, ರಾತ್ರಿ ಆರಿಸಿ.

ಇಷ್ಟಾದರೂ ಕೆಲವು ಮೂರು ವಾರದಲ್ಲಿ ಬಂದರೆ, ಅದೇ ಟ್ರೇಯ ಇನ್ನು ಕೆಲವು ತಿಂಗಳುಗಟ್ಟಲೆ ಕಾಯಿಸುತ್ತವೆ. ಅದಕ್ಕೇ ನಾವು ಟ್ರೇ ಮೇಲೆ ಬಿತ್ತಿದ ತಾರೀಖು ಬರೆದಿಡುತ್ತೇವೆ. ಮೊಳೆತದ್ದನ್ನಷ್ಟೇ ಮೆಲ್ಲಗೆ ಎತ್ತಿ ಕುಂಡಕ್ಕೆ ಹಾಕಿ, ಉಳಿದದ್ದನ್ನು ಕೆದಕದೆ ಬಿಡುತ್ತೇವೆ.