ಮೈನಸ್ ಒನ್ ಸ್ಕೋರು, ಮಗನ ಹೆಸರಿನ ಕ್ಯೂಆರ್

ನಾನು ಸಾಲ ಕೊಡೋ ಕಂಪನಿಯಲ್ಲಿದ್ದೀನಿ. ಯಾರಿಗೆ ಸಾಲ ಕೊಡಬಹುದು ಅಂತ ಪಾಯಿಂಟು ಹಾಕೋ ನಮ್ಮ ಸ್ಕೋರ್‌ಕಾರ್ಡಿಗೆ ಗೃಹಜ್ಯೋತಿ ಅಂದರೇನು ಅಂತ ಗೊತ್ತಿಲ್ಲ. ಕರೆಂಟ್ ಬಿಲ್ಲು ತಿಂಗಳು ತಿಂಗಳು ಕಟ್ಟಿದ್ದರೆ ಪಾಯಿಂಟು ಅಂತ ಹೆಡ್ ಆಫೀಸಿನ ಅನಲಿಟಿಕ್ಸ್‌ನವರು ಒಂದು ಕಾಲಂ ಇಟ್ಟಿದ್ದಾರೆ. 2023ರ ಆಗಸ್ಟಿನಿಂದ ಕರ್ನಾಟಕದಲ್ಲಿ 200 ಯೂನಿಟ್ ಒಳಗೆ ಬಳಸುವ ಎಷ್ಟೋ ಮನೆಗಳಿಗೆ ಬರೋದೇ ಸೊನ್ನೆ ಬಿಲ್ಲು. ಕಟ್ಟೋಕೆ ಏನೂ ಇಲ್ಲದವರು ಕಟ್ಟಿಲ್ಲ. ಸಿಸ್ಟಂ ಅದನ್ನು 'ನೋ ಪೇಮೆಂಟ್' ಅಂತ ಓದುತ್ತೆ. ಇದನ್ನು ಸರಿಮಾಡಿ ಅಂತ ಟಿಕೆಟ್ ರೇಸ್ ಮಾಡಿದೆ, 'ನೋಟೆಡ್' ಅಂತ ಉತ್ತರ ಬಂತು. ಅಷ್ಟೇ.

ನಾನಿರೋದು ಎನ್‌ಟಿಸಿ ಪ್ರಾಡಕ್ಟಿನಲ್ಲಿ, ಅಂದರೆ 'ನ್ಯೂ ಟು ಕ್ರೆಡಿಟ್', ಮೊದಲ ಸಲ ಸಾಲ ಕೇಳೋರಿಗೆ. ಎಲ್ಲರ ಸಾಲದ ಇತಿಹಾಸ ಇಡೋ ಕ್ರೆಡಿಟ್ ಬ್ಯೂರೋದಿಂದ ರಿಪೋರ್ಟ್ ಪುಲ್ ಮಾಡಿದರೆ ಮೈನಸ್ ಒನ್, ಅಂದರೆ 'ಇತಿಹಾಸ ಇಲ್ಲ', ಅಂತ ಬರೋ ಜನ ನಮ್ಮ ಗಿರಾಕಿಗಳು. ಇಪ್ಪತ್ತು ವರ್ಷ ಅಂಗಡಿ ನಡೆಸಿರುತ್ತಾರೆ, ಬಾಡಿಗೆ ತಪ್ಪಿಸಿರಲ್ಲ, ಚೀಟಿ ದುಡ್ಡು ತಪ್ಪಿಸಿರಲ್ಲ. ಆದರೆ ಬ್ಯೂರೋಗೆ ಹೋಗೋದು ಮುಖ್ಯವಾಗಿ ಬ್ಯಾಂಕು, ಎನ್‌ಬಿಎಫ್‌ಸಿಗಳ (ಬ್ಯಾಂಕಲ್ಲದ ಹಣಕಾಸು ಕಂಪನಿಗಳ) ಸಾಲ ಮತ್ತು ಕ್ರೆಡಿಟ್ ಕಾರ್ಡಿನ ಲೆಕ್ಕ. ಸಾಲ ಮಾಡದೇ ಬದುಕಿದವನಿಗೆ ಅಲ್ಲಿ ಹೆಸರೇ ಇಲ್ಲ. ಅದಕ್ಕೇ ಕ್ಯೂಆರ್ ಇನ್‌ಫ್ಲೋ (ಕ್ಯೂಆರ್‌ಗೆ ಬೀಳೋ ದುಡ್ಡು), ಗಿರಾಕಿಯ ಒಪ್ಪಿಗೆ ಮೇಲೆ ಬ್ಯಾಂಕ್ ಲೆಕ್ಕ ತಂದುಕೊಡೋ ಅಕೌಂಟ್ ಅಗ್ರಿಗೇಟರ್ ಮೂಲಕ ಬಂದ ಸ್ಟೇಟ್‌ಮೆಂಟ್, ಬಿಲ್ ಪಾವತಿ ನೋಡಿ ಸಾಲ ಕೊಡೋದು ಅಂತಾಯಿತು. ಒಳ್ಳೇ ಐಡಿಯಾ. ಈಗಲೂ ಅದನ್ನೇ ಹೇಳ್ತೀನಿ.

ಲಗ್ಗೆರೆ ಕಡೆ ಒಂದು ಕಾಂಡಿಮೆಂಟ್ಸ್ ಅಂಗಡಿ. ಗಂಡ ಹೆಂಡತಿ ಇಬ್ಬರೂ ಹಾಸನದ ಕಡೆಯವರು, ವ್ಯವಹಾರವೆಲ್ಲ ಆಯಮ್ಮನದ್ದೇ. ಗಾಜಿನ ಬಾಗಿಲ ಫ್ರಿಜ್ಜು, ಒಂದು ಡೀಪ್ ಫ್ರೀಜರ್ ತಗೋಬೇಕು ಅಂತ ಎರಡು ಲಕ್ಷ ಕೇಳಿದ್ದರು. ಪಿಡಿಗೆ (ಪರ್ಸನಲ್ ಡಿಸ್ಕಷನ್, ಅಂಗಡಿಗೇ ಹೋಗಿ ವಿಚಾರಿಸೋದು) ಹೋಗಿ ಕೂತರೆ ಗಲ್ಲಾಪೆಟ್ಟಿಗೆ ಪಕ್ಕದ ಸೌಂಡ್‌ಬಾಕ್ಸು ಸುಮ್ಮನಿರಲೇ ಇಲ್ಲ. ಹನ್ನೆರಡು ರೂಪಾಯಿ, ನಲವತ್ತು ರೂಪಾಯಿ, ಮತ್ತೆ ಹನ್ನೆರಡು. ಬನ್ನು ಕೊಟ್ಟ ಬೆಣ್ಣೆ ಕೈಯಲ್ಲೇ ಒರೆಸಿ ಒರೆಸಿ ಕ್ಯೂಆರ್ ಸ್ಟ್ಯಾಂಡಿನ ಒಂದು ಮೂಲೆ ಮಬ್ಬಾಗಿತ್ತು. ಆ ಕ್ಯೂಆರ್ ಇದ್ದಿದ್ದು ಕಾಲೇಜು ಓದೋ ಮಗನ ಹೆಸರಲ್ಲಿ. ಅಂಗಡಿಯ ಕರೆಂಟ್ ಮೀಟರಿನ ಆರ್‌ಆರ್ ನಂಬರು ಕಟ್ಟಡದ ಓನರ್ ಹೆಸರಲ್ಲಿ. ಆಯಮ್ಮನ ಸ್ವಂತ ಹೆಸರಲ್ಲಿದ್ದಿದ್ದು ಟ್ರೇಡ್ ಲೈಸೆನ್ಸು ಮಾತ್ರ. ಮಗನನ್ನು ಕೋ-ಅಪ್ಲಿಕೆಂಟ್ ಮಾಡಿ, ಓಟಿಪಿ ಹಾಕಿಸಿ, ಅರ್ಜಿ ಲಾಗಿನ್ ಮಾಡಿದೆ. ಸಿಸ್ಟಂನಲ್ಲಿ ಹಸಿರು ಬಂತು. "ಆಗುತ್ತೆ ಬಿಡಿ ಅಕ್ಕ" ಅಂದುಬಿಟ್ಟೆ.

ಅಷ್ಟರಲ್ಲಿ 2025ರ ಜುಲೈ. ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಎಷ್ಟೋ ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಬೆಂಗಳೂರಿನ ಬೀದಿ ಬೀದಿಯಲ್ಲಿ 'ನೋ ಯುಪಿಐ, ಓನ್ಲಿ ಕ್ಯಾಶ್' ಅಂತ ರಟ್ಟಿನ ಬೋರ್ಡು. ಜಿಎಸ್‌ಟಿ ನೋಂದಣಿಗೆ ಸರಕು ಮಾರೋರಿಗೆ ಮಿತಿ ವರ್ಷಕ್ಕೆ 40 ಲಕ್ಷ ವಹಿವಾಟು, ಸೇವೆಗೆ 20. ಈಯಮ್ಮನ ವಹಿವಾಟು ಆ ಗೆರೆ ಹತ್ತಿರಕ್ಕೂ ಹೋಗಿರಲಿಲ್ಲ, ನೋಟಿಸೂ ಬಂದಿರಲಿಲ್ಲ. ಪಕ್ಕದ ಬೇಕರಿಗೆ ಬಂದಿತ್ತು, ಅಷ್ಟು ಸಾಕಾಯ್ತು. ಸೌಂಡ್‌ಬಾಕ್ಸು ಆಫ್.

ಸಾಲದ ದುಡ್ಡು ಬಿಡುಗಡೆಗೆ ಮುಂಚೆ ಲೆಕ್ಕದ ಫ್ರೆಶ್ ಪುಲ್ ಆಗಬೇಕು, ಹೊಸದಾಗಿ ತರಿಸಬೇಕು. ಇನ್‌ಫ್ಲೋ ಗ್ರಾಫು ತಿಂಗಳ ಮಧ್ಯದಲ್ಲಿ ನೆಲ ಕಚ್ಚಿತ್ತು. ಮಂತ್ ಎಂಡ್ ಬೇರೆ. ಅಗ್ರಿಮೆಂಟಿಗೆ ಸಹಿ ಹಾಕೋಕೆ ಅಂತ ಆಯಮ್ಮ ನನ್ನ ಎದುರಿಗೇ ಕೂತಿದ್ದಾರೆ, ಹೆಡ್ ಆಫೀಸಿನ ಕ್ರೆಡಿಟ್ ಮ್ಯಾನೇಜರ್ ಸ್ಪೀಕರಿನಲ್ಲಿದ್ದಾನೆ. ಬಿಸಿನೆಸ್ ಮುಚ್ಚಿದ್ದಾರಾ ಅಂತ ಹಿಂದಿಯಲ್ಲಿ ಕೇಳಿದ. ಇಲ್ಲ, ಕ್ಯೂಆರ್ ತೆಗೆದಿದ್ದಾರೆ ಅಂದೆ. ಯಾಕೆ, ಟ್ಯಾಕ್ಸ್ ತಪ್ಪಿಸೋಕಾ ಅಂದ. ಆಯಮ್ಮನಿಗೆ ಹಿಂದಿ ಬರಲ್ಲ ಅಂತ ಸ್ಪೀಕರ್ ಹಾಗೇ ಬಿಟ್ಟಿದ್ದೆ. ಟ್ಯಾಕ್ಸ್ ಅನ್ನೋಕೆ ಹಿಂದಿ ಯಾಕೆ ಬೇಕು? ಮಡಿಲಲ್ಲಿದ್ದ ಬ್ಯಾಗಿನ ಜಿಪ್ಪು ಎಳೆದರು, ಮುಚ್ಚಿದರು, ಮತ್ತೆ ಎಳೆದರು. ನಾನು ಮೌಸ್ ಹಿಡಕೊಂಡು ಸುಮ್ಮನೆ ಸ್ಕ್ರೋಲ್ ಮಾಡ್ತಾ ಕೂತೆ.

ಸಾಲ ಹೋಲ್ಡ್ ಆಯಿತು. ಎರಡು ತಿಂಗಳು ಕ್ಯೂಆರ್ ಮತ್ತೆ ಹಾಕಿ ಅಕ್ಕ, ಇನ್‌ಫ್ಲೋ ಕಂಡರೆ ಮಾಡಿಸಿಕೊಡ್ತೀನಿ ಅಂದೆ. ಜಿಎಸ್‌ಟಿಗೆ ಹೆಸರು ನೋಂದಾಯಿಸಿದರೆ ಹಳೇ ಬಾಕಿ ಕೇಳಲ್ಲ ಅಂತ ಮುಖ್ಯಮಂತ್ರಿಗಳೇ ಹೇಳಿದ್ದಾರೆ ಅಂತಲೂ ಹೇಳಿದೆ.

"ಸರ್, ನೀವು ಸಾಲ ಕೊಡೋಕೆ ನೋಡೋದೂ ಅದೇ ಲೆಕ್ಕ, ಅವರು ನೋಟಿಸ್ ಕೊಡೋಕೆ ನೋಡಿದ್ದೂ ಅದೇ ಲೆಕ್ಕ. ಯಾರು ಯಾವತ್ತು ನೋಡ್ತಾರೆ ಅಂತ ನಮಗೆ ಹೆಂಗ್ ಗೊತ್ತಾಗ್ಬೇಕು?"

ಇದಕ್ಕೆ ನಮ್ಮ ಟ್ರೈನಿಂಗ್ ಪಿಪಿಟಿಯಲ್ಲಿ ಉತ್ತರ ಇಲ್ಲ. ಕನ್ಸೆಂಟ್ ಕೊಟ್ಟಿದ್ದು ನಮಗೆ ಮಾತ್ರ, ಇಲಾಖೆಗೆ ಲೆಕ್ಕ ಹೋಗಿದ್ದು ಬೇರೆ ದಾರಿಯಿಂದ ಅಂತ ಹೇಳಬಹುದಿತ್ತು. ಅಂಗಡಿಯವರಿಗೆ ಆ ದಾರಿ ಈ ದಾರಿ ಎಲ್ಲ ಒಂದೇ.

ಬ್ರೆಡ್ಡು, ರಸ್ಕು, ಹಾಲಿನ ಸಪ್ಲೈಯರ್‌ಗಳ ಚೀಟಿಗಳನ್ನು ಗುಡ್ಡೆ ಹಾಕಿ ನಿಯಮಕ್ಕೆ ವಿನಾಯಿತಿ ಕೊಡಿ ಅಂತ ಡೀವಿಯೇಷನ್ ನೋಟ್ ಹಾಕಿದೆ. 'ಕ್ಯಾಶ್ ಇನ್‌ಕಮ್, ಅನ್‌ವೆರಿಫೈಡ್' ಅಂತ ವಾಪಸ್. ಇತಿಹಾಸ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಮೊದಲ ಸಲದವರನ್ನು ತಳ್ಳಬೇಡಿ ಅಂತ ರಿಸರ್ವ್ ಬ್ಯಾಂಕು ಹೇಳಿದೆ. ನಾವು ಆ ಕಾರಣ ಬರೆಯಲ್ಲ, 'ಇನ್‌ಫ್ಲೋ ಡಿಕ್ಲೈನ್' ಅಂತ ಬರೀತೀವಿ. ಈಗಂತೂ ಪಿಡಿ ನೋಟಿನ ಮೊದಲ ಸಾಲಲ್ಲೇ ಕ್ಯೂಆರ್ ಯಾರ ಹೆಸರಲ್ಲಿದೆ, ಮೀಟರ್ ಯಾರದ್ದು, ಕ್ಯಾಶ್ ಎಷ್ಟು ಪಾಲು ಅಂತ ಹಾಕ್ತೀನಿ. ಸ್ಯಾಂಕ್ಷನ್ ಲೆಟರ್ ಕೈಗೆ ಬರೋವರೆಗೂ 'ಆಗುತ್ತೆ ಬಿಡಿ' ಅನ್ನಲ್ಲ.

ಆಯಮ್ಮ ಬಳೆ ಅಡ ಇಟ್ಟು ಫ್ರಿಜ್ಜು ತಂದರು. ಗೋಲ್ಡ್ ಲೋನ್ ಕಂಪನಿ ಬ್ಯೂರೋಗೆ ರಿಪೋರ್ಟ್ ಮಾಡುತ್ತಲ್ಲ, ಕೆಲವು ತಿಂಗಳಿಗೆ ಬ್ಯೂರೋದಲ್ಲಿ ಅವರ ಹೆಸರಿಗೆ ಟ್ರೇಡ್‌ಲೈನ್ (ಸಾಲದ ದಾಖಲೆ) ಬಂತು, ಸ್ಕೋರೂ ಬಂತು. ಮೊನ್ನೆ ಹೆಡ್ ಆಫೀಸಿನಿಂದ ಪ್ರೀ-ಅಪ್ರೂವ್ಡ್ ಲಿಸ್ಟ್ ಬಂದಿದೆ, ಅದರಲ್ಲಿ ಅವರ ಹೆಸರಿದೆ. ಟೆಲಿಕಾಲರ್ ಹುಡುಗಿ ಫೋನ್ ಮಾಡಿದ್ದಕ್ಕೆ "ಬಳೆ ಬಿಡಿಸ್ಕೊಡ್ತೀರಾ, ಅದಕ್ಕಾದ್ರೆ ಬೇಕು" ಅಂದರಂತೆ. ಇರೋ ಸಾಲದ ಮೇಲೆ ಮತ್ತಷ್ಟು ಕೊಡೋ ಟಾಪ್-ಅಪ್, ಬೇರೆಯವರ ಸಾಲ ತೀರಿಸಿ ನಮ್ಮ ಕಡೆ ತಗೊಳ್ಳೋ ಟೇಕ್‌ಓವರ್ ಎರಡೂ ನಮ್ಮ ಪಾಲಿಸಿಯಲ್ಲಿಲ್ಲ. 'ನಾಟ್ ಇಂಟರೆಸ್ಟೆಡ್' ಅಂತ ಮಾರ್ಕ್ ಆಗಿದೆ.