ಟ್ಯೂಬ್ ಆಂಪ್ ಕೊಳ್ಳಲೋ, ಸಾಲಿಡ್ ಸ್ಟೇಟ್ ಸಾಕೋ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಎಲೆಕ್ಟ್ರಿಕ್ ಗಿಟಾರ್ ಹಿಡಿದು ಒಂದೆರಡು ವರ್ಷ ಅಭ್ಯಾಸ ಮಾಡಿದವರು, ಮೊದಲು ಕೊಂಡ ಪುಟ್ಟ ಆಂಪ್ಲಿಫೈಯರ್ (ಆಂಪ್) ಸಾಲದು ಎನ್ನಿಸತೊಡಗಿದಾಗ, ನನ್ನನ್ನು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಟ್ಯೂಬ್ ಆಂಪ್ ಕೊಳ್ಳಲೋ, ಸಾಲಿಡ್ ಸ್ಟೇಟ್ ಸಾಕೋ?" ಈ "ಸಾಕೋ" ಎಂಬ ಮಾತಿನಲ್ಲೇ ಅರ್ಧ ತೀರ್ಪು ಅಡಗಿದೆ. ಟ್ಯೂಬ್ ಎಂದರೆ ಮೇಲ್ದರ್ಜೆಯದು, ಟ್ರಾನ್ಸಿಸ್ಟರಿನಿಂದ ನಡೆಯುವ ಸಾಲಿಡ್ ಸ್ಟೇಟ್ ಎಂದರೆ ಕೈಗೆಟುಕಲಿಲ್ಲವೆಂದು ಹೊಂದಿಕೊಂಡು ಹೋಗುವಂಥದ್ದು ಎಂದು ಕೇಳುವವರು ಆಗಲೇ ನಂಬಿರುತ್ತಾರೆ. ನಾನು ಹಾಗೆ ನಂಬುವುದಿಲ್ಲ. ಆದರೆ ಎರಡಕ್ಕೂ ವ್ಯತ್ಯಾಸವೇ ಇಲ್ಲವೆಂದೂ ಹೇಳುವುದಿಲ್ಲ. ಉತ್ತರ ಕೊಡುವ ಮೊದಲು ಅವರಿಗೆ ನಾನೇ ಒಂದು ಪ್ರಶ್ನೆ ಕೇಳುತ್ತೇನೆ: ನೀವು ನುಡಿಸುವ ಜಾಗದಲ್ಲಿ ಆಂಪನ್ನು ಅದರ ಶಕ್ತಿಯ ಕೊನೆಯ ಮಿತಿಯವರೆಗೆ ಏರಿಸಲು ಸಾಧ್ಯವಿದೆಯೇ, ಮತ್ತು ಆ ಮಿತಿಯಲ್ಲಿ ಹುಟ್ಟುವ ನಾದ ನಿಮ್ಮ ಸಂಗೀತಕ್ಕೆ ಬೇಕೇ? ಉಳಿದದ್ದೆಲ್ಲ ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟ್ಯೂಬ್ ಎಂದರೆ ಗಾಳಿ ತೆಗೆದ ಗಾಜಿನ ನಳಿಕೆ. ಒಳಗಿನ ಫಿಲಮೆಂಟ್ ಕೆಂಪಗೆ ಕಾದಾಗ ಕ್ಯಾಥೋಡ್ ಎಂಬ ಋಣಧ್ರುವದಿಂದ ಎಲೆಕ್ಟ್ರಾನುಗಳು ಹೊರಟು ಪ್ಲೇಟ್ ಎಂಬ ಧನಧ್ರುವದ ಕಡೆಗೆ ಹರಿಯುತ್ತವೆ. ನಡುವೆ ಗ್ರಿಡ್ ಎಂಬ ತೆಳುವಾದ ತಂತಿಜಾಲವಿರುತ್ತದೆ. ಅದಕ್ಕೆ, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಗಿಟಾರಿನ ಪಿಕಪ್ಪಿನಿಂದ ಬಂದ ಸಣ್ಣ ಸಂಕೇತವನ್ನು ಕೊಟ್ಟರೆ, ಪ್ಲೇಟಿನತ್ತ ಹರಿಯುವ ದೊಡ್ಡ ಪ್ರವಾಹವು ಅದಕ್ಕೆ ತಕ್ಕಂತೆ ಏರಿಳಿಯುತ್ತದೆ. ಅಮೆರಿಕದ ಸಂಶೋಧಕ ಲೀ ಡಿ ಫಾರೆಸ್ಟ್ 1906–07ರ ಹೊತ್ತಿಗೆ ಈ ಗ್ರಿಡ್ಡನ್ನು ಸೇರಿಸಿದ ಮೇಲೆಯೇ ಧ್ವನಿವರ್ಧನೆ ಎಂಬ ವಿದ್ಯೆಗೆ ದಾರಿ ತೆರೆಯಿತು. 1947ರ ಡಿಸೆಂಬರಿನಲ್ಲಿ ಅಮೆರಿಕದ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನಲ್ಲಿ ರೂಪುಗೊಂಡ ಟ್ರಾನ್ಸಿಸ್ಟರು ಅದೇ ಕೆಲಸವನ್ನು ಬೆರಳ ತುದಿಯಷ್ಟು ಘನವಸ್ತುವಿನೊಳಗೆ, ಕಾಯಿಸುವ ತಂತಿಯಿಲ್ಲದೆ ಮಾಡಿ ತೋರಿಸಿತು. ಸಾಲಿಡ್ ಸ್ಟೇಟ್ ಎಂಬ ಹೆಸರು ಬಂದದ್ದು ಅಲ್ಲಿಂದ.

ತಂತಿಯನ್ನು ಮೆಲ್ಲಗೆ ಮೀಟಿ ಆಂಪನ್ನು ಹದವಾದ ಮಟ್ಟದಲ್ಲಿ ಇಟ್ಟುಕೊಂಡಿರುವಷ್ಟು ಕಾಲ ಎರಡೂ ತಮಗೆ ಕೊಟ್ಟದ್ದನ್ನು ದೊಡ್ಡದು ಮಾಡುತ್ತವೆ, ಅಷ್ಟೆ. ಅವುಗಳ ಗುಣ ಮುಖ್ಯವಾಗಿ ಬೇರೆಯಾಗುವುದು, ಇನ್ನು ಹೆಚ್ಚು ಕೊಡಲಾರೆ ಎನ್ನುವ ಮಿತಿಗೆ ಬಂದಾಗ. ಸಾಮಾನ್ಯವಾದ ಟ್ರಾನ್ಸಿಸ್ಟರ್ ಪವರ್ ಆಂಪ್ (ಸ್ಪೀಕರನ್ನು ನಡೆಸುವ ಕೊನೆಯ ಭಾಗ), ಹೊರಬಂದ ಸಂಕೇತದ ಒಂದಂಶವನ್ನು ಮರಳಿ ಒಳಗೆ ಕೊಟ್ಟು ತಪ್ಪು ತಿದ್ದಿಕೊಳ್ಳುವ ನೆಗೆಟಿವ್ ಫೀಡ್‌ಬ್ಯಾಕಿನ ಬಲದಿಂದ ಕೊನೆಯ ಗಳಿಗೆಯವರೆಗೂ ತರಂಗದ ಆಕಾರವನ್ನು ಕೆಡದಂತೆ ಇಟ್ಟುಕೊಂಡು, ಮಿತಿ ಮುಟ್ಟಿದ ಕೂಡಲೇ ಅದರ ತಲೆಯನ್ನು ಕತ್ತಿಯಿಂದ ಸವರಿದಂತೆ ಸಪಾಟಾಗಿ ಕತ್ತರಿಸುತ್ತದೆ. ಆ ಚೂಪಾದ ಅಂಚುಗಳಲ್ಲಿ ಮೇಲಿನ ಶ್ರೇಣಿಯ ಹಾರ್ಮೋನಿಕ್‌ಗಳು (ಮೂಲ ಸ್ವರದ ಕಂಪನದ ಎರಡು, ಮೂರು ಹೀಗೆ ಇಡೀ ಪಟ್ಟುಗಳಲ್ಲಿ ಮೂಡುವ ಉಪಸ್ವರಗಳು) ತುಂಬಿಕೊಂಡು, ಕಿವಿಗೆ ಕರ್ಕಶವಾಗಿ ಕೇಳುತ್ತವೆ. ಫೀಡ್‌ಬ್ಯಾಕ್ ಕಡಿಮೆಯಿರುವ ಟ್ಯೂಬ್ ಗಿಟಾರ್ ಆಂಪಿನಲ್ಲಾದರೋ ತರಂಗದ ತಲೆ ಮಿತಿಗೆ ಬಹಳ ಮುಂಚೆಯೇ ಬಾಗತೊಡಗುತ್ತದೆ. ಜೊತೆಗೆ, ಗಟ್ಟಿಯಾಗಿ ಮೀಟಿದ ಕ್ಷಣದಲ್ಲಿ ಔಟ್‌ಪುಟ್ ಟ್ಯೂಬುಗಳು ಹೆಚ್ಚು ಪ್ರವಾಹ ಎಳೆಯುವುದರಿಂದ ಪವರ್ ಸಪ್ಲೈ ವೋಲ್ಟೇಜು ತುಸು ಕುಸಿದು, ಮರುಕ್ಷಣ ಚೇತರಿಸಿಕೊಳ್ಳುತ್ತದೆ; ಎಸಿ ವಿದ್ಯುತ್ತನ್ನು ಡಿಸಿಯಾಗಿಸಲು ಜಿಝಡ್34ನಂಥ ಟ್ಯೂಬ್ ರೆಕ್ಟಿಫೈಯರ್ ಇರುವ ಆಂಪುಗಳಲ್ಲಿ ಈ ಕುಸಿತ ಇನ್ನೂ ಸ್ಪಷ್ಟ. ಪರಿಣಾಮವಾಗಿ ಸ್ವರದ ಮೊದಲ ಪೆಟ್ಟು ಅಮುಕಿದಂತಾಗಿ, ಆಮೇಲೆ ಸ್ವರ ಅರಳುತ್ತದೆ. ಟ್ಯೂಬ್ ಆಂಪನ್ನು ಮೆಚ್ಚುವವರು ಕೈಗೆ ಸಿಗುವ ಸ್ಪರ್ಶ ಎಂದು ಹೇಳುವುದು ಬಹುಪಾಲು ಇದನ್ನೇ. ಟ್ಯೂಬ್ ಸಮ ಹಾರ್ಮೋನಿಕ್ (ಎರಡು, ನಾಲ್ಕು ಪಟ್ಟಿನವು) ಕೊಡುತ್ತದೆ, ಆದ್ದರಿಂದ ಇಂಪು ಎಂಬ ಪ್ರಸಿದ್ಧ ವಿವರಣೆ, ಸಂಕೇತವನ್ನು ಮೊದಲು ಹಿಗ್ಗಿಸುವ ಪ್ರಿಆಂಪ್ ಭಾಗದ ಟ್ರಯೋಡ್‌ಗಳ (ಮೇಲೆ ಹೇಳಿದಂಥ ಮೂರು ಧ್ರುವಗಳ ಟ್ಯೂಬುಗಳ) ಮಟ್ಟಿಗೆ ಹೊಂದುತ್ತದೆ. ಎರಡು ಅಥವಾ ನಾಲ್ಕು ಟ್ಯೂಬುಗಳು ಜೋಡಿಯಾಗಿ ದುಡಿಯುವ ಪುಶ್-ಪುಲ್ ಔಟ್‌ಪುಟ್ಟಿನಲ್ಲಿ ಹುಟ್ಟುವ ಸಮ ಹಾರ್ಮೋನಿಕ್‌ಗಳು ಹೆಚ್ಚುಕಡಿಮೆ ಪರಸ್ಪರ ರದ್ದಾಗುತ್ತವೆ ಎಂಬುದನ್ನು ಆ ವಿವರಣೆ ಬಿಟ್ಟುಬಿಡುತ್ತದೆ.

ಈಗ ಜಾಗದ ವಿಷಯಕ್ಕೆ ಬರುತ್ತೇನೆ. ನಾನು ಕೊಂಡ ಮೊದಲ ಟ್ಯೂಬ್ ಆಂಪ್ 50 ವಾಟಿನದು, ಇಎಲ್34 ಎಂಬ ಎರಡು ಔಟ್‌ಪುಟ್ ಟ್ಯೂಬುಗಳದ್ದು. ಅದರ ವಾಲ್ಯೂಮ್ ಗುಂಡಿಯಲ್ಲಿ 1ರಿಂದ 10ರವರೆಗೆ ಗೆರೆಗಳಿದ್ದವು. ನಾನು ಅಭ್ಯಾಸ ಮಾಡುತ್ತಿದ್ದ ಕೋಣೆಯಲ್ಲಿ ಗುಂಡಿ 2ರ ಗೆರೆಯನ್ನು ದಾಟಿದರೆ ಕಿಟಕಿಯ ಗಾಜು ಚೌಕಟ್ಟಿನೊಳಗೆ ಸದ್ದು ಮಾಡುತ್ತಿತ್ತು. ಎರಡು ವರ್ಷ ಆ ಆಂಪಿನಲ್ಲಿ ನುಡಿಸಿದರೂ ಅದರ ಔಟ್‌ಪುಟ್ ಟ್ಯೂಬುಗಳು ಒಂದು ದಿನವೂ ಬಾಗುವ ಹಂತಕ್ಕೆ ಹೋಗಲಿಲ್ಲ. ಯಾವ ಗುಣಕ್ಕಾಗಿ ಅಷ್ಟು ಹಣ ಕೊಟ್ಟು, ಅಷ್ಟು ಭಾರ ಹೊತ್ತು ತಂದಿದ್ದೆನೋ ಆ ಗುಣ ಗುಂಡಿಯ 6ನೇ ಗೆರೆಯ ಆಚೆಗೇ ಉಳಿಯಿತು.

ವಾಟ್ ಎಂಬ ಸಂಖ್ಯೆ ಇಲ್ಲಿ ಅನೇಕರನ್ನು ದಾರಿ ತಪ್ಪಿಸುತ್ತದೆ. 100 ವಾಟಿನ ಆಂಪು 50 ವಾಟಿನದಕ್ಕಿಂತ ಎರಡು ಪಟ್ಟು ಜೋರಲ್ಲ. ವ್ಯತ್ಯಾಸ ಬರೀ 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಎನ್ನಿಸಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟಾಗಬೇಕು. ಗಿಟಾರ್ ಸ್ಪೀಕರುಗಳು ಬಹಳ ಸೂಕ್ಷ್ಮವಾದವು: 1 ವಾಟಿಗೆ 1 ಮೀಟರ್ ದೂರದಲ್ಲಿ 97 ಡೆಸಿಬೆಲ್ ಕೊಡುವ ಸ್ಪೀಕರಿಗೆ 5 ವಾಟ್ ಹರಿಸಿದರೆ ಅದು ಸುಮಾರು 104 ಡೆಸಿಬೆಲ್ ಕೂಗುತ್ತದೆ, ಅಂದರೆ ಮುಚ್ಚಿದ ಕೋಣೆಯಲ್ಲಿ ಹೆಚ್ಚು ಹೊತ್ತು ಸಹಿಸಲಾಗದಷ್ಟು. ಆದ್ದರಿಂದ ಮನೆಯಲ್ಲಿ ನುಡಿಸುವವರಿಗೆ ಟ್ಯೂಬಿನ ಅಂಚಿನ ನಾದವೇ ಬೇಕೆಂದಾದರೆ 1ರಿಂದ 5 ವಾಟಿನ ಆಂಪನ್ನು ನೋಡಿ ಎನ್ನುತ್ತೇನೆ. ಡ್ರಮ್ಮಿನ ಜೊತೆ ನುಡಿಸುವವರಿಗೆ 15ರಿಂದ 20 ವಾಟ್ ಸಾಮಾನ್ಯವಾಗಿ ಸಾಲುತ್ತದೆ. ಒಟ್ಟು ಸದ್ದಿಗೆಂದೇ ಬೇರೆ ಗುಂಡಿ (ಮಾಸ್ಟರ್ ವಾಲ್ಯೂಮ್) ಇರುವ ಆಂಪಿನಲ್ಲಿ ಪ್ರಿಆಂಪ್ ಟ್ಯೂಬನ್ನು ಮಾತ್ರ ಉಕ್ಕಿಸಿ ಸದ್ದನ್ನು ತಗ್ಗಿಸಬಹುದು, ಆದರೆ ಆಗ ಸಿಗುವುದು ಆ ನಾದದ ಒಂದು ಭಾಗ. ಆಂಪಿಗೂ ಸ್ಪೀಕರಿಗೂ ನಡುವೆ ಅಟೆನ್ಯುಯೇಟರ್ ಇಟ್ಟು ಹೆಚ್ಚಿನ ಶಕ್ತಿಯನ್ನು ಶಾಖವಾಗಿ ಕಳೆಯುವ ದಾರಿಯೂ ಇದೆ. ಆದರೂ ಸದ್ದು ತಗ್ಗಿದಂತೆ ನಮ್ಮ ಕಿವಿಯೇ ಮಂದ್ರವನ್ನು ಕಡಿಮೆ ಕೇಳುತ್ತದೆ ಎಂದು ಧ್ವನಿ ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದಾರೆ, ಅದನ್ನು ಯಾವ ಆಂಪೂ ಮೀರಲಾರದು.

ಅಂಚಿನ ನಾದ ಬೇಡದವರಿಗೆ ಸಾಲಿಡ್ ಸ್ಟೇಟ್ ಎಂಬುದು ರಾಜಿಯ ಆಯ್ಕೆ ಅಲ್ಲವೇ ಅಲ್ಲ. ತಂತಿಯ ಶುದ್ಧ ನಾದವನ್ನು ಏರು ಸದ್ದಿನಲ್ಲೂ ಒಡೆಯದಂತೆ ಕೊಡುವುದರಲ್ಲಿ 1975ರಲ್ಲಿ ಬಂದ ರೋಲ್ಯಾಂಡ್ ಜೆಸಿ-120ಗೆ ಸಾಟಿಯಾಗುವ ಟ್ಯೂಬ್ ಆಂಪುಗಳು ಕಡಿಮೆ. 60 ವಾಟಿನ ಎರಡು ಪವರ್ ಆಂಪು, 12 ಇಂಚಿನ ಎರಡು ಸ್ಪೀಕರು, ಒಂದರ ಧ್ವನಿಯನ್ನು ಇನ್ನೊಂದರ ಪಕ್ಕದಲ್ಲಿ ತುಸು ಅಲುಗಿಸಿ ಗಾಳಿಯಲ್ಲೇ ಕೋರಸ್ (ಹಲವು ಗಿಟಾರುಗಳು ಒಟ್ಟಿಗೆ ನುಡಿದಂಥ ನಾದ) ಹುಟ್ಟಿಸುವ ಏರ್ಪಾಟು, ಇವೆಲ್ಲ ಟ್ರಾನ್ಸಿಸ್ಟರಿನಿಂದಲೇ ಆದದ್ದು. ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ಅವರು ಬಹುಕಾಲ ನೆಚ್ಚಿಕೊಂಡಿದ್ದ ಲ್ಯಾಬ್ ಸೀರೀಸ್ ಎಲ್5 ಸಾಲಿಡ್ ಸ್ಟೇಟ್ ಆಂಪು. ಡೈಮ್‌ಬ್ಯಾಗ್ ಡ್ಯಾರೆಲ್ ಎಂಬ ಹೆವಿ ಮೆಟಲ್ ಗಿಟಾರ್ ವಾದಕ ತಮ್ಮ ಹರಿತವಾದ ನಾದವನ್ನು ಕಟ್ಟಿದ್ದು ರ‍್ಯಾಂಡಲ್ ಸಾಲಿಡ್ ಸ್ಟೇಟ್ ಆಂಪುಗಳಿಂದ. ಪೆಡಲ್‌ಗಳಿಂದಲೇ (ಕಾಲಿನಿಂದ ಒತ್ತುವ ನಾದ ಬದಲಿಸುವ ಪೆಟ್ಟಿಗೆಗಳಿಂದ) ಡಿಸ್ಟಾರ್ಷನ್, ಅಂದರೆ ಒಡೆದ ನಾದ, ಪಡೆಯುವವರಿಗೂ ಇಂಥ ಆಂಪು ಒಳ್ಳೆಯ ಹಾಳೆ ಇದ್ದ ಹಾಗೆ: ಪೆಡಲ್ ಬರೆದದ್ದು ಬರೆದಂತೆಯೇ ಕಾಣುತ್ತದೆ.

ಈ ಚರ್ಚೆಯಲ್ಲಿ ಯಾರೂ ಕೇಳದ, ಆದರೆ ನನ್ನ ದೃಷ್ಟಿಯಲ್ಲಿ ಬಹಳ ಮುಖ್ಯವಾದ ಭಾಗ ಸ್ಪೀಕರು. ಎಂಟು ಓಮ್ (ವಿದ್ಯುತ್ ಪ್ರತಿರೋಧದ ಅಳತೆ) ಎಂದು ಬರೆದಿರುವ ಸ್ಪೀಕರು ಎಲ್ಲ ಸ್ವರಕ್ಕೂ ಎಂಟು ಓಮ್ ಆಗಿರುವುದಿಲ್ಲ. ಅದರ ಅನುರಣನದ ಜಾಗದಲ್ಲಿ, ಅಂದರೆ ಸಾಮಾನ್ಯವಾಗಿ 75ರಿಂದ 100 ಹರ್ಟ್ಸ್ ಆಸುಪಾಸಿನಲ್ಲಿ, ಪ್ರತಿರೋಧ ಹಲವು ಪಟ್ಟು ಏರುತ್ತದೆ, ತಾರಸ್ವರಗಳತ್ತ ಹೋದಂತೆಯೂ ಏರುತ್ತದೆ. ಟ್ಯೂಬ್ ಆಂಪಿನ ಔಟ್‌ಪುಟ್ ಇಂಪೀಡೆನ್ಸ್ (ಹೊರಬದಿಯ ಒಳಪ್ರತಿರೋಧ) ಹೆಚ್ಚಿರುವುದರಿಂದ ಅದು ಈ ಏರಿಳಿತವನ್ನು ಹಿಂಬಾಲಿಸಿ, ಮಂದ್ರವನ್ನು ತುಂಬಿಸಿ, ತುದಿಯನ್ನು ಹೊಳೆಯಿಸುತ್ತದೆ. ಬಹುತೇಕ ಟ್ರಾನ್ಸಿಸ್ಟರ್ ಆಂಪುಗಳು ಸ್ಪೀಕರನ್ನು ಬಿಗಿಯಾಗಿ ಹಿಡಿದು ಸಮತಟ್ಟಾಗಿ ನುಡಿಸುತ್ತವೆ. ಟ್ಯೂಬಿನ ಬೆಚ್ಚಗಿನ ನಾದ ಎಂದು ನಾವು ಕರೆಯುವುದರಲ್ಲಿ ಇದರ ಪಾಲು ದೊಡ್ಡದು. ಒಮ್ಮೆ ಒಬ್ಬ ಹುಡುಗ, ತನ್ನ ಸಾಲಿಡ್ ಸ್ಟೇಟ್ ಆಂಪು ಡಬ್ಬಿ ಬಡಿದಂತೆ ಕೇಳುತ್ತದೆ, ಟ್ಯೂಬ್ ಆಂಪೇ ಕೊಳ್ಳಬೇಕೆಂದು ನಿಶ್ಚಯಿಸಿ ಬಂದಿದ್ದ. ಆಂಪಿನ ಸ್ವಿಚ್ ಆಫ್ ಮಾಡಿ, ಹಿಂಬದಿಯಿಂದ ಅದರ ಎಂಟು ಇಂಚಿನ ಸ್ಪೀಕರಿನ ಎರಡು ವೈರುಗಳನ್ನು ಕಳಚಿ, ಓಮ್ ಹೊಂದುವ 12 ಇಂಚಿನ ಸ್ಪೀಕರ್ ಪೆಟ್ಟಿಗೆಗೆ ಸಿಕ್ಕಿಸಿ ನುಡಿಸಲು ಹೇಳಿದೆ. ಅವನು ಆರನೆಯ ತಂತಿಯನ್ನು ಒಂದು ಸಲ ಮೀಟಿ, ಅದು ಪೂರ್ತಿ ಆರುವವರೆಗೆ ಅಂಗೈಯನ್ನು ತಂತಿಯ ಮೇಲೆ ಇಡಲೇ ಇಲ್ಲ. ಅವನು ಅದೇ ಆಂಪನ್ನು ಈಗಲೂ ನುಡಿಸುತ್ತಾನೆ.

ನಿರ್ವಹಣೆಯ ವಿಷಯದಲ್ಲಿ ಟ್ರಾನ್ಸಿಸ್ಟರಿಗೆ ಎದುರಿಲ್ಲ. ಔಟ್‌ಪುಟ್ ಟ್ಯೂಬುಗಳು ಸವೆಯುತ್ತವೆ, ಬದಲಾಯಿಸಿದಾಗ ಅನೇಕ ಆಂಪುಗಳಲ್ಲಿ ಬಯಾಸ್ (ಸದ್ದಿಲ್ಲದಾಗ ಟ್ಯೂಬಿನಲ್ಲಿ ಹರಿಯುವ ಪ್ರವಾಹದ ಮಟ್ಟ) ಹೊಂದಿಸಬೇಕಾಗುತ್ತದೆ. 12ಎಎಕ್ಸ್7ನಂಥ ಪ್ರಿಆಂಪ್ ಟ್ಯೂಬು ವರ್ಷಗಟ್ಟಲೆ ಬಾಳಿದರೂ ಕೊನೆಗೆ ಮೈಕ್ರೊಫೋನಿಕ್ ಆಗಿ, ಪೆನ್ಸಿಲಿನಿಂದ ತಟ್ಟಿದರೆ ಸ್ಪೀಕರಿನಲ್ಲಿ ಗಂಟೆಯಂತೆ ಕೇಳಿಸುತ್ತದೆ. ಇಂದು ಟ್ಯೂಬು ತಯಾರಾಗುವುದು ಹೆಚ್ಚಾಗಿ ರಷ್ಯಾ, ಸ್ಲೊವಾಕಿಯಾ, ಚೀನಾಗಳ ಕೆಲವೇ ಕಾರ್ಖಾನೆಗಳಲ್ಲಿ. 2022ರಲ್ಲಿ ರಷ್ಯಾದ ಸರಬರಾಜಿಗೆ ಅಡ್ಡಿಯಾದಾಗ ಬೆಲೆಗಳು ಏರಿದ್ದನ್ನು ನಾವೆಲ್ಲ ಕಂಡೆವು. ಸ್ಪೀಕರು ಜೋಡಿಸದೆ ಟ್ಯೂಬ್ ಆಂಪನ್ನು ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಸಾಲಿಡ್ ಸ್ಟೇಟಿಗೆ ಆ ಭಯವಿಲ್ಲ, ಆದರೆ ಅದಕ್ಕೆ ನಿಗದಿಪಡಿಸಿದ್ದಕ್ಕಿಂತ ಕಡಿಮೆ ಓಮಿನ ಸ್ಪೀಕರನ್ನು ಜೋಡಿಸಕೂಡದು. ಇನ್ನೊಂದನ್ನು ಒತ್ತಿ ಹೇಳಬೇಕು: ಟ್ಯೂಬ್ ಆಂಪಿನೊಳಗಿನ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ 400 ವೋಲ್ಟಿನಷ್ಟು ಮಾರಕ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಕೆಲಸ ಬಲ್ಲವರಲ್ಲದೆ ಬೇರಾರೂ ಅದರ ಷಾಸಿಯನ್ನು (ಒಳಗಿನ ಲೋಹದ ಪೆಟ್ಟಿಗೆಯನ್ನು) ತೆರೆಯಬಾರದು.

ಮುಂಭಾಗದಲ್ಲಿ ಒಂದು ಟ್ಯೂಬು ಹೊಳೆಯುತ್ತಿದ್ದು, ಪವರ್ ಭಾಗವೆಲ್ಲ ಟ್ರಾನ್ಸಿಸ್ಟರಿನದಾಗಿರುವ ಹೈಬ್ರಿಡ್ ಆಂಪುಗಳನ್ನು ಸಾಲಿಡ್ ಸ್ಟೇಟ್ ಎಂದೇ ಎಣಿಸಿ ಕೇಳಿ ನೋಡಿ. ಅವುಗಳಲ್ಲಿ ಚೆನ್ನಾಗಿರುವವೂ ಇವೆ, ಆದರೆ ಆ ಬೆಳಕು ಕಿವಿಗೆ ಪುರಾವೆಯಲ್ಲ.

ಕೊಳ್ಳಲು ಹೋದಾಗ ನಿಮ್ಮದೇ ಗಿಟಾರನ್ನು ಒಯ್ಯಿರಿ. ಎರಡು ಆಂಪುಗಳನ್ನು, ನೀವು ನಿಜವಾಗಿ ನುಡಿಸುವ ಮಟ್ಟಕ್ಕೆ, ಒಂದೇ ಸದ್ದಿಗೆ ಹೊಂದಿಸಿಕೊಳ್ಳಿ. ತುಸು ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ತಪ್ಪದೆ ಮೋಸಹೋಗುತ್ತದೆ, ಆದ್ದರಿಂದ ಫೋನಿನಲ್ಲಿ ಡೆಸಿಬೆಲ್ ಅಳೆದುಕೊಂಡರೂ ತಪ್ಪಿಲ್ಲ. ಆಂಪುಗಳಿಗೆ ಬೆನ್ನು ಮಾಡಿ ಕುಳಿತು, ಜೊತೆಗೆ ಬಂದವರಿಂದ ಕೇಬಲನ್ನು ಬದಲಿಸಲು ಹೇಳಿ. ಮೊದಲು ಒಂದೇ ಸ್ವರವನ್ನು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ ಮೀಟಿ. ಬಳಿಕ ಗಿಟಾರಿನ ವಾಲ್ಯೂಮನ್ನು ಅರ್ಧಕ್ಕೆ ಇಳಿಸಿದಾಗ ನಾದ ತಿಳಿಯಾಗುತ್ತದೆಯೋ ಬರೀ ಸಣ್ಣದಾಗುತ್ತದೆಯೋ ಗಮನಿಸಿ. ಎರಡರ ನಡುವೆ ವ್ಯತ್ಯಾಸವೇ ಗೊತ್ತಾಗದಿದ್ದರೆ ಸಾಲಿಡ್ ಸ್ಟೇಟನ್ನು ತೆಗೆದುಕೊಂಡು, ಉಳಿದ ಹಣವನ್ನು ಒಂದು ಒಳ್ಳೆಯ 12 ಇಂಚಿನ ಸ್ಪೀಕರಿಗೆ ಹಾಕಿ. ಕೈ ತಾನಾಗಿಯೇ ಒಂದರ ಕಡೆಗೆ ಮರಳುತ್ತಿದ್ದು, ಅದು ಟ್ಯೂಬಿನದೇ ಆಗಿದ್ದರೆ, ಅದೇ ಮಾದರಿಯ ಅತಿ ಕಡಿಮೆ ವಾಟಿನ ಆಂಪು ಯಾವುದಿದೆ ಎಂದು ಮೊದಲು ವಿಚಾರಿಸಿ.