ಡೀಸೆಲ್ ದುಡ್ಡು ಯಾರು ಕೊಡುವುದು?

ಪಶ್ಚಿಮ ಕರಾವಳಿಯ ಒಂದು ಬಂದರಿನಲ್ಲಿ ಸರಕು ಇಳಿಸುವ ಕಂಪನಿಯ ಪರಿಸರ ವಿಭಾಗ ನನ್ನದು. ಕಳೆದ ಮಳೆಗಾಲಕ್ಕೆ ಮುಂಚೆ ನಡೆದ ಒಂದು ಸಭೆ ಇನ್ನೂ ಮನಸ್ಸನ್ನು ಕೊರೆಯುತ್ತಿದೆ.

ವಿಷಯ ಶೋರ್ ಪವರ್. ಬರ್ತಿಗೆ, ಅಂದರೆ ದಡದಲ್ಲಿ ಹಡಗು ಕಟ್ಟುವ ಜಾಗಕ್ಕೆ, ಬಂದ ಹಡಗು ತನ್ನ ಜನರೇಟರ್ ನಿಲ್ಲಿಸಿ ದಡದ ಕರೆಂಟಿನಲ್ಲಿ ನಡೆಯಬೇಕು. ಬಂದರುಗಳನ್ನು ಹಸಿರಾಗಿಸಲು ಕೇಂದ್ರ ಸರ್ಕಾರದ ಹರಿತ್ ಸಾಗರ್ ಮಾರ್ಗಸೂಚಿ 2023ರಲ್ಲಿ ಬಂತು. ಒಂದು ಟನ್ ಸರಕಿಗೆ ಹೊರಬೀಳುವ ಇಂಗಾಲವನ್ನು 2030ರೊಳಗೆ ಶೇ. 30ರಷ್ಟು ಇಳಿಸುವ ಗುರಿ. ಮೇಲಿನವರಿಗೆ ಅವಸರ. ಸ್ಲೈಡಿನಲ್ಲಿ ಮೊದಲೇ ಶೋರ್ ಪವರ್ ತಂದ ಬಂದರುಗಳಾದ 2000ದ ಗೋಥೆನ್‌ಬರ್ಗ್, 2004ರ ಲಾಸ್ ಏಂಜಲೀಸ್ ಎಲ್ಲ ಇದ್ದವು. ನಮ್ಮ ಕರೆಂಟಿನ ಫ್ರೀಕ್ವೆನ್ಸಿ 50 ಹರ್ಟ್ಜ್, ಬರುವ ಹಡಗುಗಳದ್ದು ಹೆಚ್ಚಾಗಿ 60. ಅದಕ್ಕೆ ಕನ್ವರ್ಟರ್, ಸಬ್‌ಸ್ಟೇಷನ್, ಕೇಬಲ್ ಹೋಗುವ ದಾರಿ, ಎಲ್ಲದರ ಲೆಕ್ಕವೂ ತಯಾರಿತ್ತು.

ಆಗ ಹಿಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯ ಶಿಪ್ಪಿಂಗ್ ಏಜೆಂಟ್ ಕೇಳಿದರು: "ಮೇಡಂ, ಇಲ್ಲಿ ನಿಂತ ಹಡಗಿನ ಡೀಸೆಲ್ ದುಡ್ಡು ಯಾರು ಕೊಡುವುದು?"

ಯಾರೂ ಬಾಯಿ ಬಿಡಲಿಲ್ಲ. ಕನ್ಸಲ್ಟೆಂಟ್ ಸ್ಲೈಡ್ ಹಿಂದೆ ಮುಂದೆ ಮಾಡಿದರು. ಉತ್ತರ ಯಾವ ಸ್ಲೈಡಿನಲ್ಲೂ ಇರಲಿಲ್ಲ.

ನಮ್ಮಲ್ಲಿಗೆ ಬರುವುದು ಜಾಸ್ತಿ ಬಲ್ಕ್ ಹಡಗು, ಕಲ್ಲಿದ್ದಲಿನಂಥ ಸರಕನ್ನು ಸಡಿಲವಾಗಿ ತುಂಬಿ ತರುವಂಥದ್ದು. ಟೈಮ್ ಚಾರ್ಟರ್ ಆದರೆ, ಅಂದರೆ ಹಡಗನ್ನು ಇಂತಿಷ್ಟು ಕಾಲಕ್ಕೆ ಬಾಡಿಗೆಗೆ ಹಿಡಿದರೆ, ಇಂಧನದ ಖರ್ಚು ಬಾಡಿಗೆಗೆ ಹಿಡಿದ ಚಾರ್ಟರರ್‌ದು. ಹಡಗಿಗೆ ಶೋರ್ ಪವರ್ ಪ್ಯಾನೆಲ್ ಹಾಕಿಸಬೇಕಾದವನು ಮಾಲೀಕ. ಅವನು ದುಡ್ಡು ಹಾಕಬೇಕು, ಉಳಿತಾಯ ಇನ್ನೊಬ್ಬನಿಗೆ. ಯಾಕೆ ಹಾಕುತ್ತಾನೆ? ಅದೂ ಅಲ್ಲದೆ, ಈ ಸಲ ಕಲ್ಲಿದ್ದಲು ತಂದ ಹಡಗು ಮತ್ತೆ ನಮ್ಮ ಕಡೆ ಮುಖ ಹಾಕುತ್ತದೆ ಎಂಬ ಖಾತ್ರಿ ಇಲ್ಲ. ಕಂಟೇನರ್ ಲೈನಿನ ಹಡಗು ಹಾಗಲ್ಲ. ಅದು ಗೊತ್ತಾದ ಬಂದರುಗಳಿಗೆ ಸುತ್ತು ಹೊಡೆಯುತ್ತಲೇ ಇರುತ್ತದೆ, ಹಾಕಿದ ದುಡ್ಡು ಹುಟ್ಟುವ ದಾರಿ ಇದೆ. ಲಾಸ್ ಏಂಜಲೀಸಿನಲ್ಲಿ ಆಯಿತು ಅಂತ ಕಲ್ಲಿದ್ದಲು ಬರ್ತಿನಲ್ಲೂ ಆಗಬೇಕು ಅನ್ನುವುದು ಸರಿಯಲ್ಲ, ಅಲ್ವಾ?

ಅಷ್ಟರಲ್ಲಿ ಲಾರಿ ಮಾಲೀಕರ ಸಂಘದವರು ಎದ್ದು ನಿಂತರು. ಅವರನ್ನು ಸುಮ್ನೆ ಹಾಜರಿ ಪುಸ್ತಕಕ್ಕೆಂದು ಕರೆಸಿದ್ದರು ಅಂತಲೇ ನನಗೆ ಅನ್ನಿಸುತ್ತದೆ.

"ನಿಮ್ಮ ಹಡಗಿನ ವಿಷಯ ಮುಗಿಯಿತಾ? ಧೂಳಿಗೆ ನಮ್ಮ ಹುಡುಗರಿಗೆ ಫೈನ್ ಹಾಕ್ತೀರಲ್ಲ, ಅದು ಯಾವಾಗ ಮಾತಾಡುವುದು?"

ಆಪರೇಷನ್ಸ್ ಮುಖ್ಯಸ್ಥರಿಗೆ ಸಿಟ್ಟು ಬಂತು. ಲಾರಿಯ ಚಕ್ರ ತೊಳೆಯುವ ವೀಲ್ ವಾಶ್ ಇದೆ, ನಿಮ್ಮವರು ತಪ್ಪಿಸಿಕೊಂಡು ಹೋಗುತ್ತಾರೆ, ಫೈನ್ ಹಾಕದೆ ಇನ್ನೇನು ಅಂದರು. ಸಂಘದವರ ದನಿಯೂ ಏರಿತು. "ನಮಗೆ ಸಿಗುವುದು ಟ್ರಿಪ್ ಲೆಕ್ಕ. ಆ ಕ್ಯೂನಲ್ಲಿ ನಿಂತರೆ ದಿನಕ್ಕೆ ಒಂದು ಟ್ರಿಪ್ ಹೋಯ್ತು. ಆ ದುಡ್ಡು ನೀವು ಕೊಡ್ತೀರಾ?" ನಾಲ್ಕೈದು ಮಂದಿ ಹೊರಡಲು ಎದ್ದರು. ಅವರು ಬಾಗಿಲು ದಾಟಿದ್ದರೆ ವರ್ಷವಿಡೀ ಧೂಳಿನ ಮಾತೇ ಆಗುತ್ತಿರಲಿಲ್ಲ. ಮೈಕ್ ಬಿಟ್ಟು ಅವರ ಹತ್ತಿರ ಹೋಗಿ ಕೇಳಿದೆ: "ವೀಲ್ ವಾಶ್ ಎಲ್ಲಿದ್ದರೆ ನಿಮಗೆ ಟೈಮ್ ಹೋಗುವುದಿಲ್ಲ?"

ಉತ್ತರ ಕೊಟ್ಟಿದ್ದು ಬಾಗಿಲ ಬಳಿ ನಿಂತಿದ್ದ ಒಬ್ಬ ಡ್ರೈವರ್. "ಗೇಟಿನ ಹತ್ತಿರ ಹಾಕಿ ಮೇಡಂ. ಪಾಸಿಗೆ ಅಂತ ಹೇಗೂ ಅಲ್ಲಿ ನಿಲ್ತೇವೆ." ವೇಬ್ರಿಡ್ಜ್ ದಾಟಿ, ಟಾರ್ಪಾಲ್ ಕಟ್ಟಿ, ಗೇಟಿನಲ್ಲಿ ಕಾಯುವುದು ಅವನ ದಿನದ ಪಾಡು. ನಮ್ಮ ನಕ್ಷೆಯಲ್ಲಿ ಆ ಕಾಯುವಿಕೆ ಇರಲೇ ಇಲ್ಲ.

ವೀಲ್ ವಾಶ್ ಗೇಟಿಗೆ ಬಂತು. ಈಗ ತಪ್ಪಿಸಿಕೊಂಡು ಹೋಗುವವರು ಕಡಿಮೆ. ಶೋರ್ ಪವರ್ ಮೊದಲು ದೊಡ್ಡ ಹಡಗುಗಳನ್ನು ಎಳೆದು ತಳ್ಳುವ ಸಣ್ಣ ಹಡಗುಗಳಿಗೆ, ಅಂದರೆ ಟಗ್‌ಗಳಿಗೆ ಅಂತ ತೀರ್ಮಾನವಾಯಿತು. ಅವು ಬಂದರು ಬಿಟ್ಟು ಹೋಗುವುದಿಲ್ಲ, ಲೋಡ್ ಕಡಿಮೆ, ಡೀಸೆಲ್ ಬಿಲ್ ಕಟ್ಟುವವರು ಯಾರೆಂದು ಎಲ್ಲರಿಗೂ ಗೊತ್ತು. ಹಸಿರು ಟಗ್‌ಗಳಿಗೆ ಕೇಂದ್ರದ ಯೋಜನೆ 2024ರಲ್ಲೇ ಬಂದಿದೆ, ಹೇಗೂ ಆ ಕಡೆಗೇ ಹೋಗಬೇಕು.

ನನಗೆ ನೋವಾಗುವುದು ಮಿನಿಟ್ಸ್ ನೋಡಿದಾಗ. ಲಾರಿಯವರ ಮಾತಿಗೆ ಅದರಲ್ಲಿ ಒಂದು ಸಾಲೂ ಇಲ್ಲ. ಪ್ರತಿ ತಿಂಗಳು ತುಂಬುವ ಫಾರ್ಮಿನಲ್ಲೂ ಡ್ರೈವರ್ ಕಾಯುವ ಸಮಯಕ್ಕೆ ಕಾಲಂ ಇಲ್ಲ. ಇಲ್ಲದ್ದನ್ನು ಮೇಲಿನವರು ಕೇಳುವುದೂ ಇಲ್ಲ. ಟ್ರಿಪ್ ದರದ ಫೈಲ್ ಇನ್ನೂ ಫೈನಾನ್ಸ್ ವಿಭಾಗದಲ್ಲಿದೆ, ನಾನು ವಾರವಾರ ಕೇಳುತ್ತಲೇ ಇದ್ದೇನೆ. ಮುಂದಿನ ಸಭೆಗೆ ಚಾರ್ಟರರ್ ಕಡೆಯವರನ್ನೂ ಡ್ರೈವರ್‌ಗಳನ್ನೂ ಕರೆದಿದ್ದೇನೆ. ಸ್ಲೈಡ್ ಕನ್ನಡದಲ್ಲಿರುತ್ತದೆ, ಮೊದಲ ಮಾತು ಡ್ರೈವರ್‌ಗಳದ್ದು.